ಡಿಫೆಕ್ಟ್ ಬೇರೆ, ಫೇಲ್ಯೂರ್ ಬೇರೆ: ದಂಡ ಇಳಿಸಿದ ಕಾಲಂಗಳು

ಕಂಡದ್ದಕ್ಕೆಲ್ಲ ‘ಬಗ್’ ಅನ್ನುವುದನ್ನು ನಮ್ಮ ಸಾಫ್ಟ್‌ವೇರ್ ಟೆಸ್ಟಿಂಗ್ ಟೀಮ್ ಬಿಟ್ಟು ವರ್ಷದ ಮೇಲಾಯಿತು. ಎರರ್ ಅಂದರೆ ಮನುಷ್ಯ ಮಾಡುವ ತಪ್ಪು, ಡಿಫೆಕ್ಟ್ ಅಂದರೆ ಅದರಿಂದ ಕೋಡ್‌ನಲ್ಲಿ ಉಳಿಯುವ ದೋಷ, ಫೇಲ್ಯೂರ್ ಅಂದರೆ ಓಡಿಸಿದಾಗ ಹೊರಗೆ ಕಾಣುವ ಎಡವಟ್ಟು. ಈ ಮೂರಕ್ಕೂ ಟಿಕೆಟ್‌ನಲ್ಲಿ (ಒಂದೊಂದು ದೂರನ್ನು ದಾಖಲಿಸುವ ನಮೂದು) ಬೇರೆ ಬೇರೆ ಕಾಲಂ ಇಡೋಣ ಅಂದಾಗ ಡೆವಲಪರ್‌ಗಳು ನಕ್ಕಿದ್ದರು. ‘ಅದೆಲ್ಲ ಸರ್ಟಿಫಿಕೇಟ್ ಪರೀಕ್ಷೆಗೆ ಓದೋದು’ ಅಂದರು. ಈಗ ಕಾಲಂ ಖಾಲಿ ಇದ್ದರೆ ಟಿಕೆಟ್ ವಾಪಸ್ ಕಳಿಸುವವರು ಅವರೇ.

ನಾನು ಹಠ ಹಿಡಿದದ್ದು ದುಡ್ಡಿಗಾಗಿ. ರಿಲೀಸ್ ಆದಮೇಲೆ ಸಿಕ್ಕ ಪ್ರತಿ ‘ಬಗ್’ಗೂ ದಂಡ ಅಂತ ಗ್ರಾಹಕರ ಜೊತೆಗಿನ ಒಪ್ಪಂದದಲ್ಲಿತ್ತು. ಒಮ್ಮೆ ತೆರಿಗೆ ಲೆಕ್ಕ ಕೈಕೊಟ್ಟಿತು. ಮೂರು ಐಟಂಗೆ ತಲಾ 0.336 ತೆರಿಗೆ ಅಂದುಕೊಳ್ಳಿ. ಕೂಡಿ ರೌಂಡ್ ಮಾಡಿದರೆ 1.01. ನಮ್ಮ ಕೋಡ್ ಒಂದೊಂದನ್ನೂ ರೌಂಡ್ ಮಾಡಿ ಕೂಡುತ್ತಿತ್ತು, 1.02 ಬರುತ್ತಿತ್ತು. ಇನ್‌ವಾಯ್ಸ್ ತಪ್ಪು, ರಸೀದಿ ತಪ್ಪು, ರೀಫಂಡ್ ತಪ್ಪು, ತಿಂಗಳ ವರದಿ ತಾಳೆಯಾಗಲಿಲ್ಲ. ಹತ್ತಿರ ಹತ್ತು ಟಿಕೆಟ್ ಬಂದವು. ತಿದ್ದಿದ್ದು ಒಂದೇ ಸಾಲು, ದಂಡ ಹತ್ತಕ್ಕೂ. ಆ ತಿಂಗಳ ಬಿಲ್‌ನಲ್ಲಿ ಸುಮಾರು ಕಾಲು ಭಾಗ ಹೋಯಿತು.

ಡಿಫೆಕ್ಟ್ ಒಂದು, ಫೇಲ್ಯೂರ್ ಹತ್ತು. ಸರಿ, ಎರರ್ ಎಲ್ಲಿ? ‘ಎರಡು ದಶಮಾಂಶಕ್ಕೆ ರೌಂಡ್ ಮಾಡಿ’ ಅಂತಷ್ಟೇ ಗ್ರಾಹಕರು ಬರೆದುಕೊಟ್ಟಿದ್ದರು. ಯಾವಾಗ ಅಂತ ಇರಲಿಲ್ಲ.

ಈ ಎರರ್ ಕಾಲಂ ಮಾತ್ರ ಮೊದಲು ಸೋತಿತು. ‘ಯಾರ ಎರರ್’ ಅಂತ ಓದಿಕೊಂಡು ಎಲ್ಲರೂ ಖಾಲಿ ಬಿಟ್ಟರು. ಹೆಸರಿನ ಬದಲು ಹಂತ ಕೇಳಿದೆ: ರಿಕ್ವೈರ್‌ಮೆಂಟ್ (ಏನು ಬೇಕು ಅಂತ ಗ್ರಾಹಕರು ಬರೆದುಕೊಡುವುದು), ಡಿಸೈನ್, ಕೋಡ್, ಕಾನ್ಫಿಗರೇಶನ್. ತುಂಬತೊಡಗಿದರು. ಮೂರನೇ ಒಂದು ಭಾಗ ರಿಕ್ವೈರ್‌ಮೆಂಟ್‌ಗೇ ಹೋಗಿ ನಿಂತಿತು. ಆ ಪಟ್ಟಿ ಹಿಡಿದು ಒಪ್ಪಂದ ತಿದ್ದಿಸಿದೆವು. ಈಗ ದಂಡ ಡಿಫೆಕ್ಟ್ ಲೆಕ್ಕದಲ್ಲಿ, ಅದೂ ನಮ್ಮ ಹಂತದ್ದಕ್ಕೆ ಮಾತ್ರ. ಅರ್ಧಕ್ಕಿಂತ ಜಾಸ್ತಿ ಇಳಿದಿದೆ. ಇದನ್ನು ಮ್ಯಾನೇಜರ್‌ಗಳು ಮಾಡಿಸಲಿಲ್ಲ, ಟೆಸ್ಟರ್‌ಗಳು ಮಾಡಿಸಿದ್ದು!

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಒಂದೇ ಎರರ್ ಮೆಸೇಜ್ ಇರುವ ಟಿಕೆಟ್‌ಗಳನ್ನು ಸ್ಕ್ರಿಪ್ಟ್‌ನಿಂದ ಒಟ್ಟು ಮಾಡಿದೆ. ನಲ್ ಪಾಯಿಂಟರ್ (ಇಲ್ಲದ ಡೇಟಾವನ್ನು ಕೋಡ್ ಬಳಸಲು ಹೋದಾಗ ಬರುವ ಮೆಸೇಜ್) ಬಂದವೆಲ್ಲ ಒಂದೇ ಗುಂಪಿಗೆ ಬಿದ್ದವು, ಒಳಗೆ ನೋಡಿದರೆ ಐದಾರು ಬೇರೆ ಡಿಫೆಕ್ಟ್. ಕೈಬಿಟ್ಟೆ. ಎರಡು ಫೇಲ್ಯೂರ್‌ಗೆ ಬೇರು ಒಂದೇನಾ ಅಂತ ಬೇಗ ಹಿಡಿಯಲು ನನ್ನವೇ ಮೂರು ಪ್ರಶ್ನೆಗಳಿವೆ. ಅವು ನನ್ನ ಹತ್ತಿರವೇ ಇರಲಿ.

ಫೇಲ್ಯೂರ್ ಇಲ್ಲದ ಡಿಫೆಕ್ಟ್ ಅಂದರೆ ಈಗಲೂ ಕೆಲವರು ಮುಖ ನೋಡುತ್ತಾರೆ. ಅವರಿಗೆ ಯುರೋಪಿನ ಆರಿಯಾನ್ 5 ರಾಕೆಟ್ ತೋರಿಸುತ್ತೇನೆ. 64 ಬಿಟ್ ಸಂಖ್ಯೆಯನ್ನು 16 ಬಿಟ್‌ಗೆ ತುರುಕುವ ಕೋಡ್ ಹಿಂದಿನ ಆರಿಯಾನ್ 4ರಲ್ಲಿ ಸುಮ್ನೆ ಕೂತಿತ್ತು. 1996ರಲ್ಲಿ ಹೊಸ ರಾಕೆಟ್‌ನ ವೇಗಕ್ಕೆ ಸಂಖ್ಯೆ ಹಿಡಿಸಲಿಲ್ಲ, ಮೇಲೇರಿದ ನಿಮಿಷದೊಳಗೇ ರಾಕೆಟ್ ಚೂರಾಯಿತು. ಅಂಥ ಟಿಕೆಟ್‌ಗಳಲ್ಲಿ ನಾವು ಫೇಲ್ಯೂರ್ ಕಾಲಂನಲ್ಲಿ ‘ಇನ್ನೂ ಇಲ್ಲ’ ಅಂತ ಬರೆಯುತ್ತೇವೆ. ಕ್ಲೋಸ್ ಮಾಡುವುದಿಲ್ಲ.