ಅರ್ಜಿಯ ನಿಯಮಗಳನ್ನು ಒಂದೇ ಕಡೆ ಬರೆದ ನನ್ನ ಅನುಭವ

ಕಾಸರಗೋಡಿನ ಬದಿಯಡ್ಕ ಪರಿಸರದ ಅಡಿಕೆ ಬೆಳೆಗಾರರ ಸಂಘವೊಂದರ ಸದಸ್ಯತ್ವದ ಅರ್ಜಿಯನ್ನು ಆನ್‌ಲೈನ್‌ಗೆ ತರುವ ಕೆಲಸ ನನ್ನ ಪಾಲಿಗೆ ಬಂದಾಗ, ಅಲ್ಲಿದ್ದ ಹಳೆಯ ಕೋಡ್‌ನಲ್ಲಿ ಒಂದೇ ನಿಯಮ ಮೂರು ಕಡೆ ಹರಡಿತ್ತು: ಬ್ರೌಸರಿನ ತಪಾಸಣೆಯಲ್ಲಿ, ಸರ್ವರಿನಲ್ಲಿದ್ದ, ‘ಹೀಗಿದ್ದರೆ’ ಎಂದು ಪರೀಕ್ಷಿಸುವ ಇಫ್‌ಗಳ ಸಾಲಿನಲ್ಲಿ, ಯಾವ ಮಾಹಿತಿ ಯಾವ ರೂಪದ್ದೆಂದು ಹೇಳಲು ಪ್ರತ್ಯೇಕವಾಗಿ ಬರೆದಿಟ್ಟ ಟೈಪ್‌ನಲ್ಲಿ. ಬ್ರೌಸರು ತಿರಸ್ಕರಿಸುತ್ತಿದ್ದ ಖಾಲಿ ಪಿನ್‌ಕೋಡನ್ನು ಸರ್ವರು ಸ್ವೀಕರಿಸುತ್ತಿತ್ತು.

ಇದನ್ನೆಲ್ಲ ತೆಗೆದು, ಜಾವಾಸ್ಕ್ರಿಪ್ಟ್‌ಗೆ ಟೈಪ್‌ಗಳನ್ನು ಸೇರಿಸುವ ಭಾಷೆಯಾದ ಟೈಪ್‌ಸ್ಕ್ರಿಪ್ಟ್‌ನ ಝಾಡ್ ಎಂಬ, ಮಾಹಿತಿ ಪರೀಕ್ಷಿಸುವ ಲೈಬ್ರರಿಯಲ್ಲಿ ಒಂದೇ ಸ್ಕೀಮಾ (ನಿಯಮಗಳ ವಿವರಣೆ) ಬರೆದೆ. ಹೇಗೆ ಪರೀಕ್ಷಿಸಬೇಕೆಂಬ ಹಂತಗಳನ್ನಲ್ಲ, ಸರಿಯಾದ ಅರ್ಜಿ ಹೇಗಿರುತ್ತದೆ ಎಂಬುದನ್ನಷ್ಟೇ ಅದರಲ್ಲಿ ಹೇಳುತ್ತೇವೆ. ಟೈಪ್ ಕೂಡ ಅದರಿಂದಲೇ ಹುಟ್ಟುವುದರಿಂದ ಎರಡನ್ನೂ ಹೊಂದಿಸಿಕೊಂಡಿರುವ ಪಾಡಿಲ್ಲ. ಟೈಪ್‌ಸ್ಕ್ರಿಪ್ಟ್‌ನ ಟೈಪ್‌ಗಳು ಜಾವಾಸ್ಕ್ರಿಪ್ಟ್‌ಗೆ ಇಳಿಯುವಾಗ ಅಳಿದುಹೋಗುತ್ತವೆ. ಹೊರಗಿನಿಂದ ಬರುವ ತಪ್ಪು ಮಾಹಿತಿಯನ್ನು ಓಡುತ್ತಿರುವ ಪ್ರೋಗ್ರಾಮಿನಲ್ಲಿ ತಡೆಯುವುದು ಸ್ಕೀಮಾ ಮಾತ್ರ. ಆದ್ದರಿಂದ ಅದೇ ಫೈಲನ್ನು ಬ್ರೌಸರೂ ಸರ್ವರೂ ಬಳಸುವಂತೆ ಇಟ್ಟೆ.

ಹೆಚ್ಚಿನ ಶ್ರಮ ಬೇಕಾದದ್ದು ಹೆಸರಿನ ಕಾಲಂಗೆ. ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಒಪ್ಪುವ ನಿಯಮ ನಮ್ಮ ಜಿಲ್ಲೆಗೆ ಸಲ್ಲದು. ಇಲ್ಲಿ ಒಬ್ಬರು ಕನ್ನಡದಲ್ಲಿ ಬರೆದರೆ ಇನ್ನೊಬ್ಬರು ಮಲಯಾಳದಲ್ಲಿ ಬರೆಯುತ್ತಾರೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಟ್ಟು ವರ್ಗೀಕರಿಸುವ ಯುನಿಕೋಡ್‌ನ ಅಕ್ಷರ ವರ್ಗವನ್ನಷ್ಟೇ ಒಪ್ಪಿದರೂ ಸಾಲದು. ‘ಗೋಪಾಲ’ ಎಂಬಲ್ಲಿ ‘ಗ’ ಅಕ್ಷರ ವರ್ಗಕ್ಕೆ ಸೇರಿದರೆ, ಅದಕ್ಕೆ ಹತ್ತಿದ ಓಕಾರದ ಗುರುತು ಮಾರ್ಕ್ ವರ್ಗಕ್ಕೆ ಸೇರುತ್ತದೆ. ಸ್ವರವಿಲ್ಲವೆಂದು ತೋರಿಸುವ ಹಲಂತದ ಗುರುತಿನದೂ ಅದೇ ವರ್ಗ. ‘ರಾಜ್‌ಕುಮಾರ’ ಎಂಬ ಹೆಸರಿನ ನಡುವೆ ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್ ಇದೆ. ಅದು ಈ ಎರಡೂ ವರ್ಗಗಳಿಗೆ ಸೇರಿದ್ದಲ್ಲ. ಮಲಯಾಳದ ಚಿಲ್ಲಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನಗಳ ವಿಶೇಷ ರೂಪಗಳಿಗೆ) 2008ರ ಯುನಿಕೋಡ್ 5.1ರಲ್ಲಿ ಸ್ವತಂತ್ರ ಸ್ಥಾನ ದೊರೆತರೂ, ಹಳೆಯ ರೀತಿಯ ಬರಹದಲ್ಲಿ ಝೀರೋ ವಿಡ್ತ್ ಜಾಯ್ನರ್ ಎಂಬ, ಕಣ್ಣಿಗೆ ಕಾಣದ ಇನ್ನೊಂದು ಗುರುತು ಉಳಿದಿರುತ್ತದೆ. ಇವೆಲ್ಲವನ್ನೂ ಒಪ್ಪುವಂತೆ ನಿಯಮ ಬರೆದೆ. ಒಬ್ಬ ಬೆಳೆಗಾರನ ಸ್ವಂತ ಹೆಸರನ್ನೇ ‘ಅಮಾನ್ಯ’ ಎನ್ನುವ ಅರ್ಜಿಯನ್ನು ನಾನು ಯಾರ ಮುಂದೆಯೂ ಇಡಲಾರೆ.

ತೋಟದ ವಿಸ್ತೀರ್ಣವನ್ನು ಸೆಂಟ್ಸ್‌ನಲ್ಲಿ ಕೇಳಿದ್ದೆವು. ಅರ್ಜಿಯ ಫಾರ್ಮಿನಿಂದ ಬರುವುದೆಲ್ಲ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿರುತ್ತದೆ, ಮತ್ತು ಜಾವಾಸ್ಕ್ರಿಪ್ಟ್ ಖಾಲಿ ಸ್ಟ್ರಿಂಗನ್ನು ಸಂಖ್ಯೆಯಾಗಿಸಿದಾಗ 0 ಕೊಡುತ್ತದೆ. ಹಾಗಾಗಿ ಖಾಲಿಯನ್ನು ಮೊದಲೇ ಬೇರ್ಪಡಿಸಿ, ಆಮೇಲೆ ಸಂಖ್ಯೆಗೆ ತಿರುಗಿಸಬೇಕು. ‘೫೦’ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ಅದನ್ನು ಸಂಖ್ಯೆಯೆಂದೇ ಗುರುತಿಸುವುದಿಲ್ಲ. ಕನ್ನಡ, ಮಲಯಾಳ ಅಂಕಿಗಳನ್ನು ‘50’ರ ರೂಪಕ್ಕೆ ತರುವ ಹಂತವನ್ನೂ ಸ್ಕೀಮಾದೊಳಗೇ ಸೇರಿಸಿದೆ.

ದೋಷದ ಸಂದೇಶಗಳನ್ನು ಸ್ಕೀಮಾದಲ್ಲಿ ವಾಕ್ಯಗಳಾಗಿ ಬರೆಯಲಿಲ್ಲ. ಅಲ್ಲಿ ಸಂಕೇತ ಮಾತ್ರ ಇದೆ; ಸಂದೇಶಗಳು ಬೇರೊಂದು ಕೋಷ್ಟಕದಲ್ಲಿವೆ. ಪ್ರತಿ ಸಂಕೇತಕ್ಕೂ ಕನ್ನಡ ಮತ್ತು ಮಲಯಾಳದ ಸಂದೇಶಗಳೆರಡೂ ಇರಲೇಬೇಕೆಂದು ಕೋಷ್ಟಕದ ಟೈಪ್ ಹೇಳುತ್ತದೆ. ಮುಂದೆ ಬ್ಯಾಂಕ್ ಶಾಖೆಯನ್ನು ಗುರುತಿಸುವ ಸಂಕೇತವಾದ ಐಎಫ್‌ಎಸ್‌ಸಿಯ ನಿಯಮವನ್ನು, ಅಂದರೆ ನಾಲ್ಕು ಅಕ್ಷರ, ಐದನೆಯದು ಸೊನ್ನೆ, ಉಳಿದ ಆರು ಅಕ್ಷರ ಅಥವಾ ಅಂಕಿ ಎಂಬುದನ್ನು, ಸೇರಿಸಿದಾಗ ಮಲಯಾಳದ ಸಾಲು ಬರೆಯುವವರೆಗೂ ಕೋಡನ್ನು ಪರಿಶೀಲಿಸಿ ಜಾವಾಸ್ಕ್ರಿಪ್ಟ್‌ಗೆ ಇಳಿಸುವ ಕಂಪೈಲರ್ ಮುಂದೆ ಬಿಡಲಿಲ್ಲ. ಆ ಐಎಫ್‌ಎಸ್‌ಸಿಯ ಬ್ಯಾಂಕ್ ಶಾಖೆ ನಿಜವಾಗಿ ಇದೆಯೇ, ಅದೇ ಸರ್ವೆ ನಂಬರಿನಲ್ಲಿ ಮೊದಲೇ ಅರ್ಜಿ ಬಂದಿದೆಯೇ ಎಂಬುದು ಸ್ಕೀಮಾದ ವ್ಯಾಪ್ತಿಗೆ ಬರುವುದಿಲ್ಲ; ಅದನ್ನು ಸರ್ವರಿನಲ್ಲಿ, ಸ್ಕೀಮಾ ದಾಟಿ ಬಂದ ಅರ್ಜಿಗಳಿಗೆ ಮಾತ್ರ, ಡೇಟಾಬೇಸ್ ನೋಡಿ ಪರಿಶೀಲಿಸುತ್ತೇವೆ.