ಯೋಧರ ಮಾತಿನ ಮೇಲೆ ಹಳೆಯ ರೀಲು ಹಾಸುವ ಮುನ್ನ

ಮಂಗಳೂರು, ಉಡುಪಿ ಕಡೆಯ ನಿವೃತ್ತ ಸೈನಿಕರ ನೆನಪುಗಳನ್ನು ಸಾಕ್ಷ್ಯಚಿತ್ರಕ್ಕಾಗಿ ರೆಕಾರ್ಡ್ ಮಾಡುವಾಗ ನಾವು ಬಿಡದೆ ಪಾಲಿಸುವ ನಿಯಮ ಒಂದಿದೆ. ಮಾತಾಡುವವರು ತಾವು ಕಣ್ಣಾರೆ ಕಂಡದ್ದನ್ನು ಹೇಳುವಷ್ಟು ಹೊತ್ತು ಪರದೆಯ ಮೇಲೆ ಅವರ ಮುಖವೇ ಇರಬೇಕು. ಆ ಮಾತಿನ ಮೇಲೆ ಹಳೆಯ ರೀಲಿನಿಂದ, ಅಂದರೆ ಆ ಕಾಲದ ಚಿತ್ರಸುರುಳಿಯಿಂದ, ಎಲ್ಲಿಯದೋ ಫಿರಂಗಿ, ಯಾವುದೋ ಟ್ಯಾಂಕಿನ ದೃಶ್ಯ ತಂದು ಹಾಸಿದರೆ, ಇವರು ಕಂಡದ್ದು ಇದನ್ನೇ ಎಂದು ನೋಡುವವರು ನಂಬಿಬಿಡುತ್ತಾರೆ.

ನಮ್ಮ ನೌಕಾಪಡೆಯ ಯುದ್ಧನೌಕೆ ಐಎನ್‌ಎಸ್ ಖುಕ್ರಿಯನ್ನೇ ತೆಗೆದುಕೊಳ್ಳಿ. 1971ರ ಡಿಸೆಂಬರ್ 9ರ ರಾತ್ರಿ ದಿಯು ಕರಾವಳಿಯಾಚೆ ಪಾಕಿಸ್ತಾನದ ಸಬ್‌ಮರೀನ್ ಹಾಂಗೋರ್ ಅದನ್ನು ಟಾರ್ಪೆಡೊ ಹೊಡೆದು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಕತ್ತಲೆ, ಸುತ್ತ ಕಡಲು. ಕ್ಯಾಮೆರಾ ಹಿಡಿದವರು ಅಲ್ಲಿ ಯಾರೂ ಇರಲಿಲ್ಲ. ಆ ರಾತ್ರಿಯ ಬಗ್ಗೆ ನೌಕಾಪಡೆಯ ಹಿರಿಯರೊಬ್ಬರು ಮಾತಾಡಿದರೆ ಅದಕ್ಕೆ ಹೊಂದುವ ಫೂಟೇಜ್ ಹುಡುಕಹೊರಡುವುದೇ ತಪ್ಪು. ಹಡಗು ಹೇಗಿತ್ತೆಂದು ತೋರಿಸಲೇಬೇಕಾದರೆ ಅದೇ ಮಾದರಿಯ ಕೃಪಾಣ್ ಅಥವಾ ಕುಠಾರ್‌ನ ಚಿತ್ರ ಹಾಕಿ, 'ಇದು ಖುಕ್ರಿಯಲ್ಲ, ಅದೇ ಮಾದರಿಯ ಇನ್ನೊಂದು ಹಡಗು' ಎಂದು ಕೆಳಗೆ ಬರೆಯುತ್ತೇವೆ. ಆ ಸಾಲು ಕನಿಷ್ಠ 4 ಸೆಕೆಂಡ್ ನಿಲ್ಲಬೇಕು. ಮೊಬೈಲ್‌ನಲ್ಲಿ ನೋಡುವವರಿಗೆ ಒತ್ತಕ್ಷರ ಕಾಣುವಷ್ಟು ದೊಡ್ಡದಾಗಿಯೂ ಇರಬೇಕು.

ಸಂದರ್ಶನಕ್ಕೆ ಕೂರುವ ಮೊದಲು ಅವರಿಗೆ ಯಾವ ಹಳೆಯ ಫೂಟೇಜನ್ನೂ ತೋರಿಸುವುದಿಲ್ಲ. ತೋರಿಸಿದರೆ ಅರ್ಧ ಗಂಟೆಯೊಳಗೆ ಅದು ಅವರ ನೆನಪಿನೊಳಗೆ ಸೇರಿಕೊಳ್ಳುತ್ತದೆ. ಮೊದಲ ಭೇಟಿಯಲ್ಲಿ ಮಾತು ಮಾತ್ರ. ಫೋಟೊ, ಪತ್ರ, ರೀಲು ಏನಿದ್ದರೂ ಎರಡನೆಯ ಭೇಟಿಗೆ. 'ಯುದ್ಧ ಹೇಗಿತ್ತು?' ಎಂದು ಕೇಳಿದರೆ ಶಾಲೆಯ ಸ್ವಾತಂತ್ರ್ಯೋತ್ಸವದಲ್ಲಿ ಆಡಿದ ಮಾತೇ ಮತ್ತೆ ಬರುತ್ತದೆ. 'ನೀವು ಎಲ್ಲಿ ಕೂತಿದ್ದಿರಿ? ಪಕ್ಕದಲ್ಲಿ ಯಾರಿದ್ದರು? ಕೈಯಲ್ಲಿ ಏನಿತ್ತು? ಆ ದಿನ ಏನು ತಿಂದಿರಿ?' ಎಂದು ಕೇಳಬೇಕು. ಆಗ ಅವರು ಎದುರಿನ ಚಾದ ಲೋಟವನ್ನು ಬಂಕರ್ ಮಾಡಿ, ಕನ್ನಡಕದ ಡಬ್ಬಿಯನ್ನು ರಸ್ತೆ ಮಾಡಿ, ಬೆರಳಲ್ಲಿ ಮೇಜಿನ ಮೇಲೆ ಗಡಿ ಎಳೆದು ತೋರಿಸುತ್ತಾರೆ. ಎರಡನೆಯ ಕ್ಯಾಮೆರಾ ಆ ಕೈಗಳ ಮೇಲೇ ಇರಬೇಕು. ಯಾವ ಆರ್ಕೈವ್‌ನಲ್ಲೂ ಸಿಗದ ನಕ್ಷೆ ಅದು.

ಭಾಷೆ ಅವರಿಗೆ ಬಿಟ್ಟದ್ದು. ತುಳುವೋ ಕೊಂಕಣಿಯೋ ಬ್ಯಾರಿಯೋ, ಮನೆಯಲ್ಲಿ ಆಡುವ ಮಾತೇ ಆಗಲಿ. ಪಲ್ಟನ್ನಿನ ವಿಷಯ ಬಂದಾಗ ತಾನಾಗಿ ಹಿಂದಿಗೆ ಹೊರಳುತ್ತಾರೆ, ಅದನ್ನೂ ತಡೆಯಬಾರದು. ಕನ್ನಡದಲ್ಲೇ ಹೇಳಿ ಎಂದು ಒತ್ತಾಯಿಸಿದರೆ ಮಾತು ಬಿಗಿಯುತ್ತದೆ. ಊರಲ್ಲಿ 'ಮಿಲಿಟ್ರಿ ಮಾಮ' ಎಂದು ಕರೆಯುತ್ತಿದ್ದರೆ ನಾವೂ ಹಾಗೇ ಕರೆಯುತ್ತೇವೆ; ಸುಬೇದಾರ್ರೇ ಎಂದರೆ ಇಷ್ಟಪಡುವವರಿಗೆ ಹಾಗೇ.

ಧ್ವನಿಗೆ ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸುತ್ತೇವೆ. ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ. ಮಾತಿನ ಏರು ಮೈನಸ್ 12 ಡೆಸಿಬೆಲ್ ದಾಟಬಾರದು. ಎರಡನೆಯ ರೆಕಾರ್ಡರ್ ಬೇರೆಯಾಗಿ ಓಡುತ್ತಿರಲಿ. ಫ್ಯಾನ್, ಫ್ರಿಜ್ ಎರಡೂ ಆಫ್. ಕಾರಿನ ಕೀ ಫ್ರಿಜ್ಜಿನೊಳಗಿಟ್ಟರೆ ಹೊರಡುವಾಗ ಮತ್ತೆ ಆನ್ ಮಾಡಲು ಮರೆಯುವುದಿಲ್ಲ. ಫ್ಯಾನ್ ಇಲ್ಲದೆ ನಮ್ಮ ಸೆಕೆಯಲ್ಲಿ ಹಿರಿಯರನ್ನು 25 ನಿಮಿಷಕ್ಕಿಂತ ಹೆಚ್ಚು ಕೂರಿಸಬಾರದು. ಪ್ರತಿ ಕಂತಿನ ನಡುವೆ ಫ್ಯಾನ್ ಹಾಕಿ ವಿರಾಮ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಂಚಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಆಗುವ ಮಾತಲ್ಲ. ತಗಡಿನ ಶೀಟ್ ಹಾಕಿದ ಜಗಲಿಯಂತೂ ಬೇಡವೇ ಬೇಡ. ಶ್ರವಣಯಂತ್ರ ಸಿಳ್ಳೆ ಹೊಡೆಯುತ್ತಿದ್ದರೆ ಹೆಡ್‌ಫೋನ್‌ನಲ್ಲಿ ಮೊದಲೇ ಕೇಳಿಸಿಕೊಂಡು ಸರಿಪಡಿಸಬೇಕು, ಆಮೇಲೆ ಅದನ್ನು ತೆಗೆಯುವುದು ಬಹಳ ಕಷ್ಟ.

ಮಾತನ್ನು ಬರೆದಿಡುವ ಕೆಲಸಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಿ. ಒಂದು ಗಂಟೆಯ ತುಳು ಮಾತನ್ನು ಕನ್ನಡ ಲಿಪಿಗೆ ಇಳಿಸಲು ಒಬ್ಬರ ಇಡೀ ದಿನ ಹೋಗುತ್ತದೆ. ಪ್ರತಿ ಸಾಲಿನ ಅಂಚಿನಲ್ಲಿ ಒಂದು ಗುರುತು: ಸ್ವತಃ ಕಂಡದ್ದಕ್ಕೆ 'ಕಂ', ಜೊತೆಯವರು ಹೇಳಿದ್ದಕ್ಕೆ 'ಕೇ', ಆಮೇಲೆ ಓದಿದ್ದು, ಟಿವಿಯಲ್ಲಿ ನೋಡಿದ್ದಕ್ಕೆ 'ಓ'. ಅನುಮಾನ ಬಂದಲ್ಲಿ ಎರಡನೆಯ ಭೇಟಿಯಲ್ಲಿ ಕೇಳಬಹುದು, ಯಾರೂ ಬೇಸರಿಸುವುದಿಲ್ಲ. 'ಓ' ಗುರುತಿನ ಸಾಲು ಚಿತ್ರಕ್ಕೆ ಬರುವುದಿಲ್ಲ. 'ಕೇ' ಸಾಲು ಬಂದರೆ, ಯಾರಿಂದ ಕೇಳಿದ್ದೆಂಬುದೂ ಅವರ ಬಾಯಲ್ಲೇ ಬರಬೇಕು.

ತಾರೀಕಿನ ನೆನಪು ಬಹಳ ಮಂದಿಗೆ ಇರುವುದಿಲ್ಲ, ಬೆಳದಿಂಗಳಿನ ನೆನಪು ಇರುತ್ತದೆ. 1971ರ ಯುದ್ಧ ಶುರುವಾದದ್ದು ಡಿಸೆಂಬರ್ 3ಕ್ಕೆ, ಹುಣ್ಣಿಮೆಯ ಮರುದಿನ. ಢಾಕಾದಲ್ಲಿ ಶರಣಾಗತಿ ಆದದ್ದು 16ಕ್ಕೆ, ಅಮಾವಾಸ್ಯೆಗೆ ಒಂದು ದಿನ ಮೊದಲು. 'ಆವತ್ತು ರಾತ್ರಿ ಬೆಳ್ಳಗೆ ಹಗಲಿನ ಹಾಗಿತ್ತು' ಎಂದರೆ ಆ ಘಟನೆ ಮೊದಲ ವಾರದ್ದು. ಮನೆಯ ಅಟ್ಟದಲ್ಲಿ ಹಳೆಯ ಪಂಚಾಂಗ ಇದ್ದರೆ ಬಿಡಬೇಡಿ. ಪತ್ರಗಳಿದ್ದರೆ ಇನ್ನೂ ಖಚಿತ. 56 ಎಪಿಒ (ಪಶ್ಚಿಮದ ಸೇನಾ ಅಂಚೆ) ಅಥವಾ 99 ಎಪಿಒ (ಪೂರ್ವದ ಸೇನಾ ಅಂಚೆ) ವಿಳಾಸದ ಇನ್‌ಲ್ಯಾಂಡ್ ಪತ್ರದಲ್ಲಿ ಅಂಚೆ ಮುದ್ರೆಯ ದಿನಾಂಕ ಓದಲು ಬಂದರೆ, ಬರೆದವರು ಆಗ ದೇಶದ ಪಶ್ಚಿಮದಲ್ಲಿದ್ದರೋ ಪೂರ್ವದಲ್ಲೋ ಎಂಬುದೂ ತಿಳಿಯುತ್ತದೆ. ಮಸುಕಾದ ಮುದ್ರೆಗೆ ಟಾರ್ಚನ್ನು ಕಾಗದದ ಮಟ್ಟಕ್ಕೆ ಓರೆಯಾಗಿ ಹಿಡಿದರೆ ಒತ್ತಿದ ಗುರುತು ಎದ್ದು ಕಾಣುತ್ತದೆ. ಫೋಟೊಗಳನ್ನು 600 ಡಿಪಿಐಯಲ್ಲಿ, ಹಿಂಬದಿ ಸಹಿತ ಸ್ಕ್ಯಾನ್ ಮಾಡಿ. ಕರಾವಳಿಯ ತೇವಕ್ಕೆ ಫ್ರೇಮಿನ ಗಾಜಿಗೆ ಅಂಟಿದ ಫೋಟೊವನ್ನು ಎಳೆಯಲೇಬಾರದು, ಎಳೆದರೆ ಚಿತ್ರದ ಪದರವೇ ಗಾಜಿನಲ್ಲಿ ಉಳಿಯುತ್ತದೆ. ಕ್ಯಾಮೆರಾಕ್ಕೆ ಪೋಲರೈಸರ್ (ಗಾಜಿನ ಹೊಳಪು ತಗ್ಗಿಸುವ ಫಿಲ್ಟರ್) ಹಾಕಿ ಗಾಜಿನ ಮೇಲಿಂದಲೇ ಚಿತ್ರ ತೆಗೆಯಬೇಕು.

ಇನ್ನು ರೀಲು. ಸಿಕ್ಕಿದ ಪ್ರತಿ ದೃಶ್ಯಕ್ಕೂ ನಾವು ಮೊದಲು ಕೇಳುವುದು ಕ್ಯಾಮೆರಾ ಎಲ್ಲಿ ನಿಂತಿತ್ತು ಎಂದು. ಮುನ್ನುಗ್ಗುವ ಸೈನಿಕರ ಮುಖ ಎದುರಿನಿಂದ ಕಾಣುತ್ತಿದ್ದರೆ ಕ್ಯಾಮೆರಾಮನ್ ಶತ್ರುವಿಗೆ ಬೆನ್ನು ಹಾಕಿ ನಿಂತಿದ್ದಾನೆ ಎಂದರ್ಥ. ಹಾಗಿದ್ದರೆ ಅದು ತರಬೇತಿಯದೋ ಮತ್ತೆ ಮಾಡಿಸಿದ್ದೋ ಇರುವ ಸಾಧ್ಯತೆ ಹೆಚ್ಚು. 1916ರ ಸೋಮ್ ಯುದ್ಧದ ಬ್ರಿಟಿಷ್ ಚಿತ್ರದಲ್ಲಿ ಸೈನಿಕರು ಕಂದಕ ಹತ್ತಿ ಹೊರಡುವ ಪ್ರಸಿದ್ಧ ದೃಶ್ಯ ರಣರಂಗದ ಹಿಂದಿನ ತರಬೇತಿ ಜಾಗದಲ್ಲಿ ಮಾಡಿಸಿ ತೆಗೆದದ್ದು. ಆಮೇಲೆ ಆಯುಧ. 1962ರ ಚೀನಾ ಯುದ್ಧದಲ್ಲಿ ನಮ್ಮವರ ಕೈಯಲ್ಲಿದ್ದದ್ದು .303 ರೈಫಲ್, ಎಸ್‌ಎಲ್‌ಆರ್ (ತಾನಾಗಿ ಗುಂಡು ತುಂಬಿಕೊಳ್ಳುವ ರೈಫಲ್) ಕಂಡರೆ ಆ ರೀಲು ಆಮೇಲಿನದು. 1965 ಎಂಬ ಶೀರ್ಷಿಕೆಯಡಿ ಭಾರತದ ಟಿ-55 ಅಥವಾ ವಿಜಯಂತ ಟ್ಯಾಂಕ್ ಓಡಿದರೆ ಶೀರ್ಷಿಕೆ ತಪ್ಪು. .303 ಬೋಲ್ಟಿನ ಹಿಡಿ ಎಡಗಡೆ ಕಂಡರೆ ಚಿತ್ರವನ್ನೇ ಕನ್ನಡಿಯಂತೆ ತಿರುಗಿಸಿದ್ದಾರೆ.

ಸದ್ದನ್ನಂತೂ ನಂಬಲೇಬೇಡಿ. ಆ ಕಾಲದ ರಣರಂಗದ ದೃಶ್ಯಗಳಲ್ಲಿ ಬಹುಪಾಲು ಮೂಕವಾಗಿ ತೆಗೆದವು. ಗುಂಡಿನ ಸದ್ದು ಸ್ಟುಡಿಯೊದಲ್ಲಿ ಸೇರಿದ್ದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಕಿಲೋಮೀಟರ್ ದೂರದಲ್ಲಿ ಹೊಗೆ ಎದ್ದರೆ ಸದ್ದು ಬರಲು 3 ಸೆಕೆಂಡ್ ಬೇಕು. ಹೊಗೆ, ಸದ್ದು ಎರಡೂ ಒಟ್ಟಿಗೆ ಬಂದವೆಂದರೆ ಅದು ಸೇರಿಸಿದ ಸದ್ದು. ನಾವು ಆ ಟ್ರ್ಯಾಕ್ ತೆಗೆದು ರೀಲನ್ನು ಮೌನವಾಗಿಯೇ ಓಡಿಸುತ್ತೇವೆ. ವೇಗವನ್ನೂ ನೋಡಬೇಕು. ಸೆಕೆಂಡಿಗೆ 16 ಫ್ರೇಮಿನಲ್ಲಿ ತೆಗೆದ ಮೊದಲ ಮಹಾಯುದ್ಧದ ರೀಲನ್ನು 24ರಲ್ಲಿ ಓಡಿಸಿದರೆ ಗಾಯಾಳುಗಳನ್ನು ಹೊತ್ತವರೂ ಕುಣಿದು ಓಡುವಂತೆ ಕಾಣುತ್ತಾರೆ. 4:3 ಚಿತ್ರವನ್ನು ಅಗಲಕ್ಕೆ ಎಳೆಯಬೇಡಿ, ಮೇಲೆ ಕೆಳಗೆ ಕತ್ತರಿಸಲೂಬೇಡಿ. ಎರಡು ಬದಿ ಕಪ್ಪು ಉಳಿದರೆ ನಷ್ಟವೇನಿಲ್ಲ.

ಹಕ್ಕಿನ ವಿಚಾರದಲ್ಲಿ ಯೂಟ್ಯೂಬ್‌ನಿಂದ ಇಳಿಸಿದ್ದು ಹುಡುಕಾಟಕ್ಕೆ ಮಾತ್ರ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಿನಿಮಾ ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. 1962ರ ವಾರ್ತಾಚಿತ್ರದ ಅವಧಿ 2022ಕ್ಕೆ, 1965ರದ್ದು 2025ಕ್ಕೆ ಮುಗಿಯಿತು. 1971ರದ್ದು 2031ರ ಕೊನೆಯ ತನಕ ಇದೆ. ವಾರ್ತಾಚಿತ್ರ ತೆಗೆಯುತ್ತಿದ್ದ ಸರ್ಕಾರಿ ಸಂಸ್ಥೆ ಫಿಲ್ಮ್ಸ್ ಡಿವಿಷನ್ ಈಗ ಎನ್‌ಎಫ್‌ಡಿಸಿಯೊಳಗೆ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಸೇರಿದೆ, ಅರ್ಜಿ ಅಲ್ಲಿಗೇ ಹೋಗಬೇಕು. ಬೇಕಾದ ತುಣುಕಿನ ಆರಂಭ, ಅಂತ್ಯದ ಟೈಮ್‌ಕೋಡ್ ಬರೆದು, ಪ್ರದರ್ಶನ, ಟಿವಿ, ಇಂಟರ್ನೆಟ್ ಮೂರಕ್ಕೂ ಒಟ್ಟಿಗೆ ಲಿಖಿತ ಅನುಮತಿ ಕೇಳಿ. ಅವಧಿ ಮುಗಿದ ಚಿತ್ರವಾದರೂ ಒಳ್ಳೆಯ ಪ್ರತಿ ಬೇಕೆಂದರೆ ಅದನ್ನು ಇಟ್ಟುಕೊಂಡವರ ಬಾಗಿಲಿಗೇ ಹೋಗಬೇಕು.

ಎಡಿಟಿಂಗ್ ಟೇಬಲ್ಲಿನಲ್ಲಿ ರೀಲಿಗೆ ಜಾಗ ಎಲ್ಲಿ? ಢಾಕಾದ ಶರಣಾಗತಿಗೆ ಸಹಿ ಹಾಕುವ ದೃಶ್ಯದ ಜಾಗ, ದಿನ, ಅದರಲ್ಲಿರುವ ಭಾರತದ ಜನರಲ್ ಅರೋರಾ ಮತ್ತು ಪಾಕಿಸ್ತಾನದ ಜನರಲ್ ನಿಯಾಜಿ ಎಲ್ಲ ಖಚಿತ. ಅಂಥದ್ದನ್ನು ಧೈರ್ಯವಾಗಿ, ಪೂರ್ತಿಯಾಗಿ ತೋರಿಸುತ್ತೇವೆ. ಆದರೆ ಆ ಹೊತ್ತಿಗೆ ರಾಜಸ್ಥಾನದ ಮರಳಲ್ಲಿದ್ದವರ ಮಾತಿನ ಮೇಲೆ ಅದು ಬರಬಾರದು. ರೇಡಿಯೊದಲ್ಲಿ ಸುದ್ದಿ ಕೇಳಿದ್ದನ್ನು ಅವರು ಹೇಳಿ ಮುಗಿಸಲಿ, ಒಂದು ಉಸಿರಿನಷ್ಟು ಸುಮ್ಮನಿರಲಿ, ಮುಖ ಮರೆಯಾದ ಮೇಲೆ ರೀಲು ಬರಲಿ, ಮೂಲೆಯಲ್ಲಿ ದಿನಾಂಕ ಮತ್ತು ಜಾಗ ಇರಲಿ. 30 ನಿಮಿಷದ ಚಿತ್ರದಲ್ಲಿ ರೀಲು 5 ನಿಮಿಷ ದಾಟಿದರೆ ನೋಡುವವರು ಮಾತು ಬಿಟ್ಟು ಸ್ಫೋಟಕ್ಕೆ ಕಾಯತೊಡಗುತ್ತಾರೆ. ಯಹೂದಿಗಳ ನರಮೇಧದ ಬಗೆಗಿನ 1985ರ ಸಾಕ್ಷ್ಯಚಿತ್ರ 'ಶೋಆ' ಒಂದು ತುಣುಕೂ ಹಳೆಯ ಫೂಟೇಜ್ ಇಲ್ಲದೆ 9 ಗಂಟೆಗೂ ಮಿಕ್ಕಿ ನಡೆಯುತ್ತದೆ. ಅಷ್ಟು ಕಟ್ಟುನಿಟ್ಟು ಎಲ್ಲರಿಗೂ ಬೇಕೆಂದು ನಾನು ಹೇಳುವುದಿಲ್ಲ. ಸರ್ಕಾರ ಆಗ ಜನರಿಗೆ ಏನು ತೋರಿಸಿತು ಎಂಬುದಕ್ಕೆ ವಾರ್ತಾಚಿತ್ರಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ನಗುತ್ತ ಊಟ ಮಾಡುವ ಜವಾನರು ರೀಲಿನಲ್ಲಿ, ದಿನವಿಡೀ ಶಕ್ಕರ್‌ಪಾರೆಯಲ್ಲೇ (ಕರಿದ ಸಿಹಿ ತುಣುಕು) ಕಳೆದೆವೆಂಬ ಮಾತು ಇವರ ಬಾಯಲ್ಲಿ ಇದ್ದರೆ, ಎರಡನ್ನೂ ಒಂದರ ಹಿಂದೆ ಒಂದು ಇಡುತ್ತೇವೆ. ಯಾವುದು ಸರಿ ಎಂದು ನಿರೂಪಕರು ತೀರ್ಪು ಕೊಡುವುದಿಲ್ಲ.

ಮೊದಲ ಕಟ್ ಸಿದ್ಧವಾದಾಗ ಮಾತಾಡಿದವರಿಗೆ, ಅವರ ಮನೆಯವರಿಗೆ ತೋರಿಸಿ ಇನ್ನೊಮ್ಮೆ ಒಪ್ಪಿಗೆ ಪಡೆಯಲೇಬೇಕು. ಮಡಿದ ಗೆಳೆಯನ ಹೆಸರು ಬೇಡ ಎಂದರೆ ಪ್ರಶ್ನೆ ಮಾಡದೆ ತೆಗೆಯುತ್ತೇವೆ. ತಮ್ಮ ಮಾತಿನ ಮೇಲೆ ಒಂದಿಷ್ಟು ಯುದ್ಧದ ಚಿತ್ರ ಹಾಕಿ ಎಂದು ಕೆಲವರು ಕೇಳುವುದುಂಟು, ಬರೀ ಮುಖ ಯಾರು ನೋಡುತ್ತಾರೆಂಬ ಸಂಕೋಚ ಅವರಿಗೆ. ಆಗ ಅದೇ ಭಾಗವನ್ನು ಎರಡು ಬಗೆಯಲ್ಲೂ ಓಡಿಸಿ ತೋರಿಸುತ್ತೇವೆ, ಒಮ್ಮೆ ರೀಲು ಹಾಸಿ, ಒಮ್ಮೆ ಅವರ ಮುಖ ಮಾತ್ರ ಇಟ್ಟು.