ಇನ್‌ವಾಯ್ಸ್ ಬದಿಗಿಡಿ, ಡ್ರಾಯಿಂಗ್ ತೆಗೆಯಿರಿ

ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ದ್ವಿಚಕ್ರ ವಾಹನಗಳ ಬಿಡಿಭಾಗ ತರಿಸುವ ಕಂಪನಿಯೊಂದರ ಆಮದು ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಸೇರಿದವರಿಗೆ ಮೊದಲು ಹೇಳುವ ಮಾತು ಇದು: ಇನ್‌ವಾಯ್ಸ್‌ನಲ್ಲಿ ‘ಮೋಟಾರ್‌ಸೈಕಲ್ ಪಾರ್ಟ್ಸ್’ ಎಂದಿದೆಯೆಂದು ಇಡೀ ಪೆಟ್ಟಿಗೆಯನ್ನು ಸುಂಕಪಟ್ಟಿಯಲ್ಲಿ ದ್ವಿಚಕ್ರ ವಾಹನದ ಭಾಗಗಳಿಗಿರುವ 8714 ಎಂಬ ಕೋಡಿಗೆ ತಳ್ಳಬೇಡಿ. ಕಳುಹಿಸಿದವನು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿರುತ್ತಾನೆ. ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆಗೆ, ಅಂದರೆ ಬಿಲ್ ಆಫ್ ಎಂಟ್ರಿಗೆ, ಉತ್ತರ ಹೇಳಬೇಕಾದವರು ನಾವು.

ಕೋಡ್ ಒಟ್ಟು ಎಂಟು ಅಂಕಿ. ಮೊದಲ ಎರಡು ಅಧ್ಯಾಯ, ನಾಲ್ಕಾದರೆ ಶೀರ್ಷಿಕೆ. ಆರರವರೆಗೆ ವಿಶ್ವ ಕಸ್ಟಮ್ಸ್ ಸಂಸ್ಥೆಯ ಎಚ್‌ಎಸ್ ಎಂಬ ಸರಕು ವರ್ಗೀಕರಣ, ಕೊನೆಯ ಎರಡು ನಮ್ಮ ದೇಶದವು.

ಮಾದರಿಯನ್ನೋ ಡ್ರಾಯಿಂಗನ್ನೋ ಮುಂದಿಟ್ಟುಕೊಳ್ಳಿ. ವಸ್ತು ಏನು, ಯಾವುದರಿಂದ ಮಾಡಿದ್ದು, ಏನು ಕೆಲಸ ಮಾಡುತ್ತದೆ ಎಂದು ಕೇಳಿ. ಬೈಕಿಗೆ ಹಾಕುತ್ತಾರೆ ಎನ್ನುವುದು ಆಮೇಲಿನ ಮಾತು. ಉಕ್ಕಿನ ಡ್ರೈವ್ ಚೈನ್ 7315, ಬೋಲ್ಟು 7318, ಬೇರಿಂಗ್ 8482, ಸ್ಪಾರ್ಕ್ ಪ್ಲಗ್ 8511, ಹಾರ್ನು 8512. ಹಿಂಬದಿ ನೋಡುವ ಕನ್ನಡಿ ಗಾಜಿನ ಅಧ್ಯಾಯಕ್ಕೆ, 7009ಕ್ಕೆ. ಸ್ಪೀಡೋಮೀಟರ್ 9029. ಇವನ್ನೆಲ್ಲ ಕಳೆದ ಮೇಲೆ ಬ್ರೇಕ್‌ನಂಥ ಭಾಗಗಳು 8714ಕ್ಕೆ ಉಳಿಯುತ್ತವೆ. ಬೋಲ್ಟು, ಚೈನು, ಬೇರಿಂಗ್, ವಿದ್ಯುತ್ ಉಪಕರಣ ಇತ್ಯಾದಿಗಳನ್ನು ವಾಹನದ ಭಾಗವೆಂದು ಎಣಿಸಬಾರದೆಂದು ಸುಂಕಪಟ್ಟಿಯಲ್ಲಿ ವಾಹನಗಳಿರುವ ಹದಿನೇಳನೆಯ ವಿಭಾಗದ ಎರಡನೆಯ ಟಿಪ್ಪಣಿ ಪಟ್ಟಿ ಕೊಟ್ಟೇ ಹೇಳುತ್ತದೆ. ಆ ಪುಟ ಓದದೆ ಕೋಡ್ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ವಿಭಾಗ, ಅಧ್ಯಾಯಗಳ ಹೆಸರುಗಳು ಹುಡುಕಲು ಅನುಕೂಲವಾಗಲೆಂದು ಇರುವವು ಅಷ್ಟೆ. ಕಾನೂನಿನ ಬಲವಿರುವುದು ಶೀರ್ಷಿಕೆಯ ಒಕ್ಕಣೆಗೆ ಮತ್ತು ಟಿಪ್ಪಣಿಗಳಿಗೆ. ವರ್ಗೀಕರಣದ ಒಂದನೆಯ ನಿಯಮವೇ ಹಾಗೆನ್ನುತ್ತದೆ.

ಸುಂಕ ಒಂದೇ ಆದರೆ ಯಾವುದಾದರೇನು ಎಂದು ಕೆಲವರು ವಾದಿಸುತ್ತಾರೆ. ನಾವು ತುಂಬಿದ್ದೇ ಕೋಲ್ಕತ್ತದ ವಾಣಿಜ್ಯ ಮಾಹಿತಿ ಮತ್ತು ಅಂಕಿಅಂಶ ಮಹಾನಿರ್ದೇಶನಾಲಯಕ್ಕೆ ಹೋಗಿ ದೇಶದ ಆಮದು ಲೆಕ್ಕವಾಗುತ್ತದೆ. ವ್ಯಾಪಾರದ ಅಂಕಿಅಂಶಕ್ಕೆಂದು ಇರುವ ವಿಶ್ವಸಂಸ್ಥೆಯ ಎಸ್‌ಐಟಿಸಿ ವರ್ಗೀಕರಣಕ್ಕೆ ಅದನ್ನು ಹೊಂದಿಸಿದಾಗ ಚೈನು, ಕನ್ನಡಿ ಆರನೆಯ ವಿಭಾಗದ ತಯಾರಿಕೆಗಳಾಗುತ್ತವೆ. ಬೇರಿಂಗ್, ಸ್ಪಾರ್ಕ್ ಪ್ಲಗ್ ಏಳನೆಯ ವಿಭಾಗದ ಯಂತ್ರೋಪಕರಣ, ಸ್ಪೀಡೋಮೀಟರ್ ಎಂಟನೆಯದು. ಎಲ್ಲವನ್ನೂ 8714ರಲ್ಲಿ ತುಂಬಿದರೆ ಅಷ್ಟೂ ಏಳಕ್ಕೇ ಬೀಳುತ್ತದೆ.

ಪ್ರಮಾಣದ ಕಾಲಂ ಇನ್ನೂ ಕಷ್ಟದ್ದು. ಸುಂಕಪಟ್ಟಿಯಲ್ಲಿ ಬೋಲ್ಟಿಗೆ ಕಿಲೋ, ಸ್ಪಾರ್ಕ್ ಪ್ಲಗ್‌ಗೆ ನಗ. ಇನ್‌ವಾಯ್ಸ್‌ನಲ್ಲಿ ‘ಸೆಟ್’ ಎಂದಿದ್ದರೆ ಪ್ಯಾಕಿಂಗ್ ಲಿಸ್ಟ್‌ನಿಂದ ನಿವ್ವಳ ತೂಕ ತೆಗೆಯಿರಿ. ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕಿಲೋ ಟೊಮೆಟೊ ಬಾಕ್ಸನ್ನು ಒಂದು ಕಿಲೋ ಎಂದು ಬರೆದರೆ ದರ ಏನಾದೀತು, ಲೆಕ್ಕ ಹಾಕಿ.

‘ಇತರೆ’ ಎಂಬ ಕೋಡ್‌ಗೆ ಕೈಹಾಕುವ ಮೊದಲು ಅದರ ಮೇಲಿನ ಸಾಲುಗಳನ್ನೆಲ್ಲ ಓದಿ, ಯಾವುದು ಏಕೆ ಹೊಂದಲಿಲ್ಲ ಎಂದು ಕಡತದಲ್ಲಿ ಒಂದು ಸಾಲು ಬರೆದಿಡಿ. ಗೋಡೆಗೆ ಅಂಟಿಸಿದ ಹಳೆಯ ಕೋಡ್ ಪಟ್ಟಿ ಇದ್ದರೆ ಕಿತ್ತು ಹಾಕಿ: ಎಚ್‌ಎಸ್‌ನಲ್ಲಿ ಈಗಿನದು 2022ರ ಆವೃತ್ತಿ, ಮುಂದಿನದು 2028ರ ಜನವರಿ 1ರಿಂದ.